ಹಾಸನ-ಸಕಲೇಶಪುರ ಓಡಾಟಕ್ಕೆ ಎಲೆಕ್ಟ್ರಿಕ್ ಕಾರು: ಬ್ರೋಷರ್‌ನಲ್ಲಿ ಯಾವ ಅಂಕಿ ನೋಡಬೇಕು?

ಸಾಲಗಾಮೆ ರಸ್ತೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಾಸನದಲ್ಲಿ. ಕೆಲಸ ಸಕಲೇಶಪುರದ ಕಾಲೇಜಿನಲ್ಲಿ. ಹೋಗಿ ಬರಲು ದಿನಕ್ಕೆ ಹೆಚ್ಚೂಕಮ್ಮಿ 80 ಕಿ.ಮೀ. ತವರುಮನೆ ಮೂಡಿಗೆರೆ ಹತ್ತಿರ, ಕೊನೆಯ ಸ್ವಲ್ಪ ದೂರ ತೋಟದ ಮಣ್ಣು ರಸ್ತೆ. ಬೆಂಗಳೂರಿಗೆ ಆಗಾಗ ಹೋಗುತ್ತೇವೆ. ಮಂಗಳೂರು, ಧರ್ಮಸ್ಥಳ ವರ್ಷಕ್ಕೆ ಒಂದೆರಡು ಸಲ. ಹಳೆಯ ಪೆಟ್ರೋಲ್ ಕಾರು ಕೊಟ್ಟು ಎಲೆಕ್ಟ್ರಿಕ್ ತೆಗೆದುಕೊಳ್ಳೋಣ ಅಂತ ಮನೆಯಲ್ಲಿ ಮಾತಾಗಿದೆ.

ಪಟ್ಟಿಯಲ್ಲಿ ನಾಲ್ಕು ಉಳಿದಿವೆ. ಟಾಟಾ ಪಂಚ್ ಇ.ವಿ. (35 ಕಿಲೋವ್ಯಾಟ್ ಅವರ್), ನೆಕ್ಸಾನ್ ಇ.ವಿ. (45), ಎಂ.ಜಿ. ವಿಂಡ್ಸರ್ (38), ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್ (42). ಪ್ರತಿ ಶೋರೂಮಿನಲ್ಲೂ ತಮಗೆ ಅನುಕೂಲ ಆಗುವ ಅಂಕಿಯನ್ನೇ ದೊಡ್ಡದಾಗಿ ತೋರಿಸುತ್ತಾರೆ. ಒಬ್ಬರು ಕಿ.ಮೀ. ಹೇಳುತ್ತಾರೆ, ಇನ್ನೊಬ್ಬರು ಪರದೆ ಎಷ್ಟು ಇಂಚು ಅಂತ ಹೇಳುತ್ತಾರೆ. ನಮ್ಮ ಘಾಟಿ, ನಮ್ಮ ಮಳೆ, ನಮ್ಮ ಕರೆಂಟು ಇವಕ್ಕೆ ಯಾವ ಅಂಕಿ ಮುಖ್ಯ? ಬಳಸುತ್ತಿರುವವರು ದಯವಿಟ್ಟು ಹೇಳಿ.

ಲೆಕ್ಕದ ಮೇಷ್ಟ್ರು:

ಮೇಡಂ, ಮೊದಲು ಒಂದು ಸುಲಭದ ಮಾತು. ಬ್ಯಾಟರಿಯ ಒಂದು ಕಿಲೋವ್ಯಾಟ್ ಅವರ್ ಅಂದರೆ ನಮ್ಮ ಮನೆ ಮೀಟರಿನ ಒಂದು ಯೂನಿಟ್. ಹಾಗಾಗಿ ನಾನು ಯೂನಿಟ್ ಅಂತಲೇ ಬರೆಯುತ್ತೇನೆ. ನಿಮ್ಮ ನಾಲ್ಕು ಕಾರುಗಳನ್ನು 35, 45, 38, 42 ಯೂನಿಟ್ ಅಂತ ನೋಡಿ. ಹೋಲಿಕೆ ಅಲ್ಲಿಂದ ಶುರುವಾಗಲಿ. ಕಿ.ಮೀ. ಅಂಕಿಯನ್ನು ಸದ್ಯಕ್ಕೆ ಪಕ್ಕಕ್ಕೆ ಇಡಿ.

ಯಾಕೆ ಅಂದರೆ, ಬ್ರೋಷರ್‌ನಲ್ಲಿ ಬರುವ ಕಿ.ಮೀ. ಪ್ರಯೋಗಾಲಯದ ಅಂಕಿ. ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಎಂ.ಐ.ಡಿ.ಸಿ. ಅನ್ನುವ ಕ್ರಮದಲ್ಲಿ ಓಡಿಸುತ್ತಾರೆ. ಅದರಲ್ಲಿ ಎರಡು ಭಾಗ ಇವೆ. ಮೊದಲನೆಯದು ಪೇಟೆ ಓಡಾಟ, ಅದರಲ್ಲಿ ವೇಗ 50 ಕಿ.ಮೀ. ದಾಟುವುದಿಲ್ಲ. ಎರಡನೆಯದು ಊರಾಚೆ, ಅಲ್ಲಿ 90ರವರೆಗೆ ಹೋಗುತ್ತದೆ. ಮುಂಚೆ ಮೊದಲ ಭಾಗದ ಅಂಕಿಯನ್ನೇ ಜಾಹೀರಾತಿನಲ್ಲಿ ಹಾಕುತ್ತಿದ್ದರು. ಪಂಚ್ 35 ಬಂದದ್ದು 2024ರ ಜನವರಿಯಲ್ಲಿ, ಆಗ 421 ಕಿ.ಮೀ. ಅಂದಿದ್ದರು. ಎರಡೂ ಭಾಗ ಸೇರಿಸಿದ ಮೇಲೆ ಅದೇ ಕಾರಿಗೆ 365 ಆಯಿತು. ಕಾರು ಬದಲಾಗಲಿಲ್ಲ, ಬ್ಯಾಟರಿ ಬದಲಾಗಲಿಲ್ಲ. ಆದ್ದರಿಂದ ಒಂದು ಕಾರಿನ ಹಳೇ ಅಂಕಿಯನ್ನು ಇನ್ನೊಂದರ ಹೊಸ ಅಂಕಿಯ ಪಕ್ಕ ಇಟ್ಟು ನೋಡಬೇಡಿ. ಎರಡೂ ಭಾಗ ಸೇರಿಸಿದ್ದಾ ಅಂತ ಕೇಳಿ.

ನೆಕ್ಸಾನ್ 45ಕ್ಕೆ 489 ಅಂತ ಇದೆ. ಅದರ ಜೊತೆಗೇ ಟಾಟಾದವರು ಇನ್ನೊಂದು ಅಂಕಿ ಕೊಡುತ್ತಾರೆ, ಸಿ-75 ಅಂತ. ನೂರರಲ್ಲಿ ಎಪ್ಪತ್ತೈದು ಗ್ರಾಹಕರಿಗೆ ಸಿಗುವ ದೂರ ಅಂತ ಅದರ ಅರ್ಥ. ಅದು 350ರ ಸುತ್ತಮುತ್ತ ಇದೆ. ಎರಡು ಅಂಕಿಗಳ ನಡುವೆ ಎಷ್ಟು ಅಂತರ ಇದೆ ನೋಡಿ. ಎಲ್ಲ ಕಂಪನಿಗಳೂ ಇಂಥ ಅಂಕಿ ಕೊಟ್ಟರೆ ನಮ್ಮಂಥವರಿಗೆ ಎಷ್ಟೋ ಅನುಕೂಲ.

ಬೆಂಗಳೂರು ವಾಸಿ, ಊರು ಚನ್ನರಾಯಪಟ್ಟಣ:

ಮೇಷ್ಟ್ರು ಹೇಳಿದ್ದು ಸರಿ. ನನ್ನ ಬಳಿ ನೆಕ್ಸಾನ್ ಇದೆ, ಊರಿಗೆ ಅದರಲ್ಲೇ ಬರುತ್ತೇನೆ. ಕುಣಿಗಲ್ ದಾಟಿದ ಮೇಲೆ ರಸ್ತೆ ಚೆನ್ನಾಗಿದೆ ಅಂತ ಎಲ್ಲರೂ ಕಾಲು ಒತ್ತುತ್ತಾರೆ. ಅಲ್ಲೇ ಬ್ಯಾಟರಿ ಕರಗುವುದು. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 80ರಲ್ಲಿ ಇರುವ ತಡೆಯ ಒಂದೂವರೆ ಪಟ್ಟಿಗಿಂತ ತುಸು ಮೇಲೆ 100ರಲ್ಲಿ ಇರುತ್ತದೆ. ಪೆಟ್ರೋಲ್ ಕಾರಿನಲ್ಲೂ ಇದು ಇರುತ್ತದೆ, ಆದರೆ ಗೊತ್ತಾಗುವುದಿಲ್ಲ. ಇದರಲ್ಲಿ ಪರದೆ ಮೇಲೆ ಕಣ್ಣೆದುರಿಗೇ ಕಾಣುತ್ತದೆ.

ಎತ್ತರವಾದ, ಚೌಕಾಕಾರದ ಕಾರಿಗೆ ಇದು ಇನ್ನೂ ಜಾಸ್ತಿ. ಪೇಟೆಯಲ್ಲಿ ಮಾತ್ರ ಓಡಿಸುವವರಿಗೆ ತೊಂದರೆ ಇಲ್ಲ.

ಅರಸೀಕೆರೆ ಡೀಸೆಲ್:

ಎಲ್ಲ ಸರಿ ಸ್ವಾಮಿ. ಆದರೆ ಶಿರಾಡಿ ಹತ್ತುವಾಗ ಏನಾಗುತ್ತದೆ? ಮಂಗಳೂರಿಂದ ತುಂಬಿದ ಕಾರಿನಲ್ಲಿ ಹತ್ತುವಾಗ ಬ್ಯಾಟರಿ ಮುಗಿದರೆ ಆ ಕಾಡಿನಲ್ಲಿ ಯಾರನ್ನು ಕರೆಯುವುದು? ನನ್ನ ಪ್ರಶ್ನೆ ಇಷ್ಟೇ. ಕಾರಿನ ಮೇಲೆ ನನಗೇನೂ ಸಿಟ್ಟಿಲ್ಲ. ಮನೆಯಲ್ಲಿ ವಯಸ್ಸಾದವರು ಇದ್ದಾರೆ, ಹಾಗಾಗಿ ಕೇಳುತ್ತಿದ್ದೇನೆ.

ಲೆಕ್ಕದ ಮೇಷ್ಟ್ರು:

ಒಳ್ಳೆ ಪ್ರಶ್ನೆ. ಇದಕ್ಕೆ ಲೆಕ್ಕವೇ ಉತ್ತರ, ಯಾರ ಅಭಿಪ್ರಾಯವೂ ಬೇಕಾಗಿಲ್ಲ.

ಮಂಗಳೂರು ಸಮುದ್ರದ ದಂಡೆ. ಸಕಲೇಶಪುರ ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರ. ಕಾರು, ಐದು ಜನ, ಸಾಮಾನು ಎಲ್ಲ ಸೇರಿ 1,800 ಕಿಲೋ ಅಂತ ಇಟ್ಟುಕೊಳ್ಳಿ. ಈ ತೂಕವನ್ನು 900 ಮೀಟರ್ ಮೇಲೆ ಎತ್ತಬೇಕು. ತೂಕ, ಗುರುತ್ವ, ಎತ್ತರ ಗುಣಿಸಿದರೆ ಸುಮಾರು 1 ಕೋಟಿ 59 ಲಕ್ಷ ಜೌಲ್ ಬರುತ್ತದೆ. ಒಂದು ಯೂನಿಟ್‌ಗೆ 36 ಲಕ್ಷ ಜೌಲ್. ಭಾಗಿಸಿದರೆ 4.4 ಯೂನಿಟ್. ಮೋಟಾರು, ಗೇರು, ವೈರುಗಳಲ್ಲಿ ಹೋಗುವ ನಷ್ಟ ಸೇರಿಸಿ 5 ಯೂನಿಟ್ ಅನ್ನೋಣ.

ಅಂದರೆ ಘಾಟಿ ಕೇಳುವ ಹೆಚ್ಚುವರಿ ಬೆಲೆ 5 ಯೂನಿಟ್. ಅದರ ಮೇಲೆ ದೂರದ ಖರ್ಚು ಇದ್ದೇ ಇದೆ. ಮಂಗಳೂರಿಂದ ಹಾಸನಕ್ಕೆ ಸುಮಾರು 170 ಕಿ.ಮೀ. ನೂರು ಕಿ.ಮೀ.ಗೆ 14 ಯೂನಿಟ್ ಲೆಕ್ಕದಲ್ಲಿ 24 ಆಯಿತು. ಎರಡೂ ಸೇರಿ 29.

ಈಗ ನಾಲ್ಕು ಕಾರು ನೋಡಿ. 35 ಯೂನಿಟ್ ಬ್ಯಾಟರಿಯಲ್ಲಿ 29 ಹೋದರೆ ಉಳಿಯುವುದು 6. ಮಳೆ, ಎ.ಸಿ., ವೈಪರ್, ಟ್ರಾಫಿಕ್ ಜಾಮ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಪಂಚ್‌ನಲ್ಲಿ ಹತ್ತುವ ಮುಂಚೆ ಎಲ್ಲಾದರೂ ಅರ್ಧ ಗಂಟೆ ನಿಲ್ಲಲೇಬೇಕು. 38ರಲ್ಲಿ 9 ಉಳಿಯುತ್ತದೆ, 42ರಲ್ಲಿ 13, 45ರಲ್ಲಿ 16. ಇವುಗಳಲ್ಲಿ ಪೂರ್ತಿ ಚಾರ್ಜ್ ಮಾಡಿ ಹೊರಟರೆ ಸಾಕು. ಅರಸೀಕೆರೆ ಅಣ್ಣನವರ ಭಯಕ್ಕೆ ಆಧಾರ ಇದೆ, ಆದರೆ ಅದು ಚಿಕ್ಕ ಬ್ಯಾಟರಿಗೆ ಮಾತ್ರ. ಇನ್ನೊಂದು ಮಾತು: ಕಂಪನಿ ಹೇಳುವ 45ರಲ್ಲಿ ಅಷ್ಟೂ ಬಳಕೆಗೆ ಸಿಗುವುದಿಲ್ಲ. ಬ್ಯಾಟರಿ ಬಾಳಿಕೆಗೆ ಅಂತ ಮೇಲೆ ಕೆಳಗೆ ಸ್ವಲ್ಪ ಬಿಟ್ಟಿರುತ್ತಾರೆ. ಬಳಕೆಗೆ ಸಿಗುವ ಯೂನಿಟ್ ಎಷ್ಟು ಅಂತ ಕೇಳಿ ಬರೆದುಕೊಳ್ಳಿ.

ತೋಟದಮನೆ ಮೂಡಿಗೆರೆ:

ಮೇಷ್ಟ್ರು ಹತ್ತುವ ಲೆಕ್ಕ ಕೊಟ್ಟರು. ನಾನು ಇಳಿಯುವುದರ ಬಗ್ಗೆ ಹೇಳುತ್ತೇನೆ. ಮಲೆನಾಡಿನ ಅಂಚಿನಲ್ಲಿ ಇರುವವರಿಗೆ ಇದು ತುಂಬಾ ಮುಖ್ಯ.

ಇಳಿಜಾರಿನಲ್ಲಿ ಕಾಲು ತೆಗೆದರೆ ಮೋಟಾರೇ ಜನರೇಟರ್ ಆಗಿ ಬ್ಯಾಟರಿಗೆ ಕರೆಂಟು ತುಂಬುತ್ತದೆ. ಎಲ್ಲರೂ ಇದನ್ನು ರೀಜನ್ ಅನ್ನುತ್ತಾರೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಬ್ರೇಕ್ ಮುಟ್ಟುವುದೇ ಅಪರೂಪ. ಬ್ರೇಕ್ ಕಾದು ವಾಸನೆ ಬರುವ ಕಥೆ ಇಲ್ಲ. ಹತ್ತುವಾಗ ಕೊಟ್ಟದ್ದರಲ್ಲಿ ಒಳ್ಳೆ ಪಾಲು ವಾಪಸ್ ಬರುತ್ತದೆ, ಪೂರ್ತಿ ಬರುವುದಿಲ್ಲ.

ಆದರೆ ಬ್ಯಾಟರಿ ನೂರಕ್ಕೆ ನೂರು ತುಂಬಿದ್ದರೆ ಬಂದ ಕರೆಂಟನ್ನು ಎಲ್ಲಿ ಇಡುವುದು? ಜಾಗ ಇಲ್ಲ. ಹಾಗಾಗಿ ಕಾರು ರೀಜನ್ ಕಡಿಮೆ ಮಾಡುತ್ತದೆ. ಬಯಲುಸೀಮೆಯವರಿಗೆ ಇದು ಗೊತ್ತೇ ಆಗುವುದಿಲ್ಲ. ನಮ್ಮ ಕಡೆ ಮನೆಯಿಂದ ಹೊರಟ ಸ್ವಲ್ಪ ಹೊತ್ತಿಗೇ ಘಾಟಿ ಸಿಗುತ್ತದೆ. ದಿನಾ ಎಳೆದು ನಿಲ್ಲಿಸುತ್ತಿದ್ದ ಕಾರು ಅವತ್ತು ಬಿಟ್ಟ ಬಾಣದ ಹಾಗೆ ಹೋಗುತ್ತದೆ. ಗೊತ್ತಿಲ್ಲದವರು ಗಾಬರಿಯಾಗುತ್ತಾರೆ. ಘಾಟಿ ಇಳಿಯುವ ದಿನ 85-90ಕ್ಕೆ ಚಾರ್ಜ್ ನಿಲ್ಲಿಸಿ ಹೊರಡಿ. ಕೆಳಗೆ ಹೋದಾಗ ನಿಮಗೆ ಅಷ್ಟೇ ದೂರ ಸಿಗುತ್ತದೆ, ಬ್ರೇಕಿಗೂ ಒಳ್ಳೆಯದು.

ಅದಕ್ಕೇ ಸ್ಪೆಸಿಫಿಕೇಶನ್‌ನಲ್ಲಿ ಎರಡು ಸಂಗತಿ ಹುಡುಕಿ. ರೀಜನ್ ಎಷ್ಟು ಹಂತಗಳಲ್ಲಿ ಬದಲಾಯಿಸಬಹುದು, ಅದು ಸ್ಟೇರಿಂಗ್ ಹಿಂದಿನ ಪ್ಯಾಡಲ್‌ನಲ್ಲೇ ಸಿಗುತ್ತದಾ. ನೆಕ್ಸಾನ್‌ನಲ್ಲಿ ಪ್ಯಾಡಲ್ ಇದೆ. ತಿರುವಿನಲ್ಲಿ ಪರದೆ ಮುಟ್ಟಿ ಬದಲಾಯಿಸುವ ಕಾರು ನಮಗೆ ಬೇಡ. ಚಾರ್ಜ್ 80ಕ್ಕೋ 90ಕ್ಕೋ ನಿಲ್ಲುವ ಹಾಗೆ ಕಾರಿನಲ್ಲೇ ಹೊಂದಿಸಬಹುದಾ ಅಂತಲೂ ನೋಡಿ.

ಚಿಕ್ಕಮಗಳೂರು ಟ್ಯಾಕ್ಸಿ:

ತೋಟದಮನೆ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಮುಳ್ಳಯ್ಯನಗಿರಿ 1,930 ಮೀಟರ್, ನಮ್ಮ ಪೇಟೆ 1,100ರ ಹತ್ತಿರ. ಕೈಮರದಿಂದ ಮೇಲೆ ಹೋಗುವಾಗ ಪರದೆಯಲ್ಲಿ ಕಿ.ಮೀ. ದಡದಡ ಇಳಿಯುತ್ತದೆ. ಕೂತವರು ಹೆದರುತ್ತಾರೆ. ಇಳಿದು ಬರುವಾಗ ಹೆಚ್ಚೂಕಮ್ಮಿ ಖರ್ಚೇ ಇರುವುದಿಲ್ಲ. ಪರದೆಯ ಕಿ.ಮೀ. ಅಂಕಿ ಹಿಂದಿನ ಓಡಾಟ ನೋಡಿ ಊಹೆ ಮಾಡುತ್ತದೆ, ಮುಂದೆ ಬೆಟ್ಟ ಇದೆ ಅಂತ ಅದಕ್ಕೆ ಗೊತ್ತಿಲ್ಲ. ಶೇಕಡಾ ಅಂಕಿ ನೋಡಿಕೊಂಡು ಓಡಿಸಿ.

ಟೆಸ್ಟ್ ಡ್ರೈವ್‌ಗೆ ಬೈಪಾಸ್‌ನಲ್ಲಿ ಒಂದು ಸುತ್ತು ಹಾಕಿಸಿ ಕಳಿಸುತ್ತಾರೆ. ಅದು ಬೇಡ. ನಾಲ್ಕು ಜನ ಕೂತು ಏರಿಗೆ ಹೋಗಿ. ಏರಿನಲ್ಲಿ ಪೂರ್ತಿ ನಿಲ್ಲಿಸಿ, ಮತ್ತೆ ಎತ್ತಿ. ಹಿಂದಕ್ಕೆ ಜಾರುತ್ತದಾ ನೋಡಿ. ಈ ನಾಲ್ಕೂ ಮುಂದಿನ ಚಕ್ರ ಎಳೆಯುವ ಕಾರುಗಳು. ಏರಿನಲ್ಲಿ ತೂಕ ಹಿಂದಕ್ಕೆ ಹೋಗುತ್ತದೆ. ಒದ್ದೆ ಮಣ್ಣಿನಲ್ಲಿ ಜೋರಾಗಿ ಒತ್ತಿದರೆ ಮುಂದಿನ ಚಕ್ರ ಸುಮ್ನೆ ತಿರುಗುತ್ತದೆ. ಮೋಟಾರಿನ ಎಳೆತ ಒತ್ತಿದ ಕ್ಷಣಕ್ಕೇ ಬರುತ್ತದೆ ಅಲ್ವಾ, ಅದಕ್ಕೆ. ತೋಟದ ರಸ್ತೆಯಲ್ಲಿ ಇಕೋ ಮೋಡ್ ಹಾಕಿ ಮೆಲ್ಲಗೆ ಒತ್ತಿದರೆ ಹತ್ತುತ್ತದೆ.

ಸ್ಟೆಪ್ನಿ ಇದೆಯಾ ಅಂತ ಕೇಳುವುದನ್ನು ಮಾತ್ರ ಮರೆಯಬೇಡಿ. ಕೆಲವು ಇ.ವಿ.ಗಳಲ್ಲಿ ಸ್ಟೆಪ್ನಿ ಬದಲು ಪಂಕ್ಚರ್ ಕಿಟ್ ಕೊಡುತ್ತಾರೆ. ಮೊಳೆ ಚುಚ್ಚಿದರೆ ಅದು ಸಾಕು. ಕಲ್ಲಿಗೆ ತಾಗಿ ಟೈರ್ ಪಕ್ಕ ಹರಿದರೆ ಏನೂ ಮಾಡಲು ಆಗುವುದಿಲ್ಲ.

ಸಾಲಗಾಮೆ ರಸ್ತೆ:

ಎಲ್ಲರಿಗೂ ತುಂಬಾ ಧನ್ಯವಾದ. ಇಳಿಯುವ ದಿನ ಪೂರ್ತಿ ಚಾರ್ಜ್ ಮಾಡಬಾರದು ಅನ್ನುವ ವಿಷಯ ಯಾವ ಶೋರೂಮಿನಲ್ಲೂ ಹೇಳಲಿಲ್ಲ.

ಈಗ ಕರೆಂಟಿನ ಪ್ರಶ್ನೆ. ನಮ್ಮದು ಸ್ವಂತ ಮನೆ, ಹಳೆಯ ವೈರಿಂಗ್, ಸಿಂಗಲ್ ಫೇಸ್. ಗೃಹಜ್ಯೋತಿಯಲ್ಲಿ ಇದ್ದೇವೆ. 7.2 ಕಿಲೋವ್ಯಾಟ್ ಚಾರ್ಜರ್ ಹಾಕಿಸಿ ಅಂತ ಒಬ್ಬರು, 15 ಆಂಪ್ ಸಾಕೆಟ್ ಸಾಕು ಅಂತ ಇನ್ನೊಬ್ಬರು. ಯಾವುದು ಸರಿ?

ವೈರಿಂಗ್ ಬೇಲೂರು:

ಮೇಡಂ, ನಾನು ಎಲೆಕ್ಟ್ರಿಕಲ್ ಗುತ್ತಿಗೆ ಕೆಲಸ ಮಾಡುತ್ತೇನೆ. ಕಾರ್ ಚಾರ್ಜರ್ ಕೆಲಸ ಈಗ ಜಾಸ್ತಿ ಬರುತ್ತಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ದಿನದ ಓಡಾಟ 80 ಕಿ.ಮೀ. ಮೇಷ್ಟ್ರ ಲೆಕ್ಕದಲ್ಲಿ 11 ಯೂನಿಟ್ ಚಿಲ್ಲರೆ. ಚಾರ್ಜ್ ಮಾಡುವಾಗ ಸ್ವಲ್ಪ ನಷ್ಟ ಇರುತ್ತದೆ, ಮೀಟರಿನಲ್ಲಿ 12ಕ್ಕಿಂತ ತುಸು ಮೇಲೆ ಓಡುತ್ತದೆ. 15 ಆಂಪ್ ಸಾಕೆಟ್‌ನಲ್ಲಿ ಕಾರಿನ ಜೊತೆ ಕೊಡುವ ಚಾರ್ಜರ್ ಗಂಟೆಗೆ ಎರಡೂವರೆಯಿಂದ ಮೂರು ಯೂನಿಟ್ ಎಳೆಯುತ್ತದೆ. ನಾಲ್ಕೈದು ಗಂಟೆಯ ಕೆಲಸ. ರಾತ್ರಿ ಊಟ ಮುಗಿಸಿ ಹಾಕಿದರೆ ಬೆಳಗಿನ ಜಾವಕ್ಕೆ ಮುಗಿದಿರುತ್ತದೆ. ನಿಮ್ಮ ದಿನನಿತ್ಯಕ್ಕೆ ಇದು ಸಾಕೇ ಸಾಕು. ಬ್ಯಾಟರಿ ಪೂರ್ತಿ ಖಾಲಿ ಆಗಿ ಬಂದ ದಿನ ಮಾತ್ರ ನೆಕ್ಸಾನ್ 45ಕ್ಕೆ 17-18 ಗಂಟೆ ಬೇಕಾಗುತ್ತದೆ.

7.2ಕ್ಕೆ ಹೋದರೆ 32 ಆಂಪ್ ಎಳೆಯುತ್ತದೆ. ಹಳೆಯ ಮನೆಗಳಲ್ಲಿ ಮಂಜೂರಾದ ಲೋಡ್ 2-3 ಕಿಲೋವ್ಯಾಟ್ ಇರುತ್ತದೆ. ಲೋಡ್ ಹೆಚ್ಚಿಸಿಕೊಳ್ಳಲೇಬೇಕು. ಹೆಚ್ಚಿಸಿದ ಪ್ರತಿ ಕಿಲೋವ್ಯಾಟ್‌ಗೂ ತಿಂಗಳ ನಿಗದಿತ ಶುಲ್ಕ ಬರುತ್ತದೆ, ಕಾರು ಓಡಲಿ ಬಿಡಲಿ. ಕಂಪನಿ ಚಾರ್ಜರ್ ಉಚಿತವಾಗಿ ಕೊಟ್ಟರೂ ಕೇಬಲ್, ಎಂ.ಸಿ.ಬಿ., ಅರ್ಥಿಂಗ್, ಲೋಡ್ ಖರ್ಚು ನಿಮ್ಮದೇ ಆಗುವುದು ಜಾಸ್ತಿ. ಮೊದಲು ಒಳ್ಳೆಯ 15 ಆಂಪ್ ಪಾಯಿಂಟ್‌ನಲ್ಲಿ ಶುರು ಮಾಡಿ. ಸಾಲದು ಅನ್ನಿಸಿದರೆ ಆಮೇಲೆ ನೋಡೋಣ.

ಆದರೆ ಆ 15 ಆಂಪ್ ಪಾಯಿಂಟ್ ಗೀಸರ್‌ನ ಹಳೇ ಪಾಯಿಂಟ್ ಆಗಬಾರದು. ಗೀಸರ್ ಕಾಲು ಗಂಟೆ ಎಳೆದು ನಿಲ್ಲುತ್ತದೆ. ಕಾರು ಇಡೀ ರಾತ್ರಿ ಎಳೆಯುತ್ತದೆ. ಸಡಿಲ ಸಾಕೆಟ್ ಇದ್ದರೆ ಕಾದು ಕರಗುತ್ತದೆ. ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ಲೈನ್ ಎಳೆಸಿ, 4 ಚದರ ಮಿ.ಮೀ. ತಾಮ್ರದ ವೈರ್. 32 ಆಂಪ್ ಆದರೆ 6, ದೂರ ಜಾಸ್ತಿ ಇದ್ದರೆ 10. ಜೊತೆಗೆ 30 ಮಿಲಿ ಆಂಪ್‌ನ ಆರ್.ಸಿ.ಸಿ.ಬಿ. (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಕಡ್ಡಾಯ. ಪೋರ್ಟಿಕೋದಲ್ಲಿ ಮಳೆ ಇರಚಲು ಬರುತ್ತದೆ ಅಂದರೆ ಮುಚ್ಚಳ ಇರುವ ಸಾಕೆಟ್ಟೇ ಹಾಕಿಸಿ. ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಯಾವತ್ತೂ ಚಾರ್ಜ್ ಮಾಡಬೇಡಿ. ಇದನ್ನು ಕೈ ಮುಗಿದು ಹೇಳುತ್ತೇನೆ.

ನಮ್ಮ ಕಡೆ ನಿಜವಾದ ತಲೆನೋವು ಅರ್ಥಿಂಗ್. ಕಾರಿನ ಚಾರ್ಜರ್ ಮೊದಲು ಅರ್ಥಿಂಗ್ ಸರಿ ಇದೆಯಾ ಅಂತ ನೋಡುತ್ತದೆ. ಇಲ್ಲದಿದ್ದರೆ ಕೆಂಪು ದೀಪ ತೋರಿಸಿ ಸುಮ್ಮನೆ ನಿಲ್ಲುತ್ತದೆ. ಜನ ಕಾರು ಕೆಟ್ಟಿದೆ ಅಂತ ಸರ್ವಿಸ್‌ಗೆ ಫೋನ್ ಮಾಡುತ್ತಾರೆ. ಕಾರು ಸರಿಯಾಗೇ ಇರುತ್ತದೆ. ಹಳೆಯ ಮನೆಗಳಲ್ಲಿ ಅರ್ಥ್ ಪೈಪು ಎಲ್ಲಿದೆ ಅಂತ ಮನೆಯವರಿಗೂ ಗೊತ್ತಿರುವುದಿಲ್ಲ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಇನ್ನೂ ಕಷ್ಟ. ಮಳೆಗಾಲದಲ್ಲಿ ಸರಿ ಇದ್ದದ್ದು ಏಪ್ರಿಲ್‌ನಲ್ಲಿ ಕೈ ಕೊಡುತ್ತದೆ. ಕಾರಿಗೆ ಅಂತ ಹೊಸ ಅರ್ಥ್ ಪಿಟ್ ತೆಗೆಸಿ, 5 ಓಮ್‌ಗಿಂತ ಕಡಿಮೆ ಬರುತ್ತದಾ ಅಂತ ಮೀಟರ್ ಇಟ್ಟು ಅಳೆಸಿ. ಬುಕಿಂಗ್ ಹಣ ಕೊಡುವ ಮುಂಚೆ ಮಾಡಬೇಕಾದ ಕೆಲಸ ಇದು. ಕಾರು ಬಂದ ಮೇಲೆ ಅಲ್ಲ.

ಗೃಹಜ್ಯೋತಿ ವಿಷಯ: ತಿಂಗಳಿಗೆ 24 ದಿನ ಕೆಲಸ ಅಂದರೂ ಕಾರೊಂದೇ 300 ಯೂನಿಟ್ ಹತ್ತಿರ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಂದರೆ ಇಷ್ಟು ದಿನ ಸೊನ್ನೆ ಬರುತ್ತಿದ್ದ ಮನೆಯ ಬಿಲ್ಲೂ ಸೇರಿಕೊಳ್ಳುತ್ತದೆ. ಇ.ವಿ. ಚಾರ್ಜಿಂಗ್‌ಗೆ ಪ್ರತ್ಯೇಕ ದರ ಪಟ್ಟಿ ಇದೆ. ಪ್ರತ್ಯೇಕ ಮೀಟರ್ ತೆಗೆದುಕೊಂಡರೆ ಮನೆಯ ಗೃಹಜ್ಯೋತಿ ಉಳಿಯುತ್ತದಾ, ಠೇವಣಿ ಎಷ್ಟು ಅಂತ ನಿಮ್ಮ ಸೆಸ್ಕ್ ಕಚೇರಿಯಲ್ಲಿ ವಿಚಾರಿಸಿ. ಚಿಕ್ಕಮಗಳೂರು ಜಿಲ್ಲೆಯವರು ಮೆಸ್ಕಾಂನಲ್ಲಿ ಕೇಳಿ.

ತೋಟದಮನೆ ಮೂಡಿಗೆರೆ:

ಇದಕ್ಕೆ ತೋಟದವರ ಪರವಾಗಿ ಒಂದು ಮಾತು ಸೇರಿಸುತ್ತೇನೆ. ಪಂಪ್‌ಸೆಟ್‌ನ ತ್ರೀ ಫೇಸ್ ಲೈನ್ ಇದೆ, ಅದರಲ್ಲೇ ಹಾಕಿಬಿಡೋಣ ಅಂತ ಯೋಚಿಸುವವರು ಇದ್ದಾರೆ. ಬೇಡ. ನೀರಾವರಿಗೆ ಕೊಟ್ಟ ಸಂಪರ್ಕ ಬೇರೆ ಕೆಲಸಕ್ಕೆ ಬಳಸಿದರೆ ವಿದ್ಯುತ್ ಕಾಯ್ದೆ ಪ್ರಕಾರ ದಂಡ ಬೀಳುತ್ತದೆ.

ಟ್ರಾನ್ಸ್‌ಫಾರ್ಮರ್ ದೂರ ಇರುವ ಮನೆಗಳಲ್ಲಿ ಸಂಜೆ ವೋಲ್ಟೇಜ್ ಇಳಿಯುತ್ತದೆ. ಚಾರ್ಜ್ ನಿಧಾನ ಆಗುತ್ತದೆ ಅಥವಾ ಕಟ್ ಆಗುತ್ತದೆ. ರಾತ್ರಿ ಹನ್ನೊಂದರ ಮೇಲೆ ಸರಿಹೋಗುತ್ತದೆ. ಕಾರಿನಲ್ಲಿ ಅಥವಾ ಮೊಬೈಲ್ ಆ್ಯಪ್‌ನಲ್ಲಿ ಚಾರ್ಜ್ ಶುರುವಾಗುವ ಸಮಯ ಹೊಂದಿಸುವ ಸೌಲಭ್ಯ ಇದ್ದರೆ ಎಷ್ಟು ಆರಾಮ!

ಈಗ ನನಗೆ ಬಹಳ ಇಷ್ಟವಾದ ಅಂಕಿಯ ಬಗ್ಗೆ. ವಿ-ಟು-ಎಲ್ ಅಂತಾರೆ. ಕಾರಿನ ಬ್ಯಾಟರಿಯಿಂದ ಹೊರಗೆ ಕರೆಂಟು ತೆಗೆಯುವುದು. ಜುಲೈ ತಿಂಗಳು ಮರ ಬಿದ್ದು ಲೈನ್ ಹೋದರೆ ನಮ್ಮ ಕಡೆ ದಿನಗಟ್ಟಲೆ ಕರೆಂಟು ಇರುವುದಿಲ್ಲ. ಯು.ಪಿ.ಎಸ್. ಮೊದಲ ರಾತ್ರಿಗೇ ಮಲಗುತ್ತದೆ. ಆಗ ಕಾರಿನಿಂದ ಫ್ರಿಜ್, ನಾಲ್ಕು ದೀಪ, ಮಿಕ್ಸಿ, ಮೊಬೈಲ್ ಎಲ್ಲ ನಡೆಯುತ್ತದೆ. ನೆಕ್ಸಾನ್‌ನಲ್ಲಿ 3.3 ಕಿಲೋ ವಿ.ಎ. ವರೆಗೆ ತೆಗೆಯಬಹುದು. ಮಿತವಾಗಿ ಬಳಸುವ ಮನೆಗೆ ದಿನಕ್ಕೆ 4 ಯೂನಿಟ್ ಸಾಕು. ಬ್ಯಾಟರಿಯ ಹತ್ತರಲ್ಲಿ ಒಂದು ಭಾಗ. ನಮ್ಮ ತಾಯಿಗೆ ಫ್ರಿಜ್‌ನಲ್ಲಿ ಇಡಬೇಕಾದ ಔಷಧ ಇದೆ. ನನ್ನ ಪಾಲಿಗೆ ಸನ್‌ರೂಫ್‌ಗಿಂತ ಇದೇ ದೊಡ್ಡದು.

ಕ್ರೆಟಾ ಎಲೆಕ್ಟ್ರಿಕ್‌ನಲ್ಲೂ ಈ ಸೌಲಭ್ಯ ಇದೆ. ವಿಂಡ್ಸರ್‌ನಲ್ಲಿ 52.9 ಯೂನಿಟ್‌ನ ಪ್ರೊ ಬಂದಾಗ ಕೊಟ್ಟರು. ಯಾವ ವೇರಿಯಂಟ್‌ನಲ್ಲಿ ಇದೆ ಅಂತ ಖಚಿತ ಮಾಡಿಕೊಳ್ಳಿ. ಹೆಸರು ಒಂದೇ, ಕೆಳಗಿನ ವೇರಿಯಂಟ್‌ನಲ್ಲಿ ಇರುವುದಿಲ್ಲ.

ಸಕಲೇಶಪುರ ಬ್ಯಾಂಕ್:

ಹಣದ ಲೆಕ್ಕ ನಾನು ಹೇಳಲಾ? ನಿಮ್ಮ ಕಚೇರಿ ಓಡಾಟ ತಿಂಗಳಿಗೆ 1,900 ಕಿ.ಮೀ. ಆಸುಪಾಸು. ಪೆಟ್ರೋಲ್ ಕಾರು ಲೀಟರಿಗೆ 16 ಕೊಟ್ಟರೆ 120 ಲೀಟರ್. ಲೀಟರಿಗೆ ನೂರು ಅಂದರೂ 12,000 ರೂಪಾಯಿ. ಎಲೆಕ್ಟ್ರಿಕ್‌ಗೆ 300 ಯೂನಿಟ್, ಯೂನಿಟ್‌ಗೆ ಆರು ರೂಪಾಯಿ ಇಟ್ಟುಕೊಳ್ಳಿ, 1,800. ಗೃಹಜ್ಯೋತಿ ಹೋಗಿ ಮನೆ ಬಿಲ್ ಒಂದು ಸಾವಿರ ಸೇರಿದರೂ ತಿಂಗಳಿಗೆ 9,000 ಮೇಲೆ ಉಳಿಯುತ್ತದೆ. ಓಡಾಟ ಜಾಸ್ತಿ ಇರುವವರಿಗೆ ಮಾತ್ರ ಈ ಮಾತು. ತಿಂಗಳಿಗೆ 400 ಕಿ.ಮೀ. ಓಡಿಸುವವರು ಕಾರಿನ ಹೆಚ್ಚಿನ ಬೆಲೆ ವಾಪಸ್ ಪಡೆಯಲು ವರ್ಷಗಟ್ಟಲೆ ಕಾಯಬೇಕು. ಸಾಲ ತೆಗೆದುಕೊಳ್ಳಲು ಬರುವವರಿಗೂ ನಾನು ಇದನ್ನೇ ಹೇಳುತ್ತೇನೆ.

ವಿಂಡ್ಸರ್‌ನಲ್ಲಿ ಬ್ಯಾಟರಿ ಬಾಡಿಗೆ ಯೋಜನೆ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಬಂದಾಗ ಬ್ಯಾಟರಿ ಬಿಟ್ಟು 9.99 ಲಕ್ಷ, ಓಡಿಸಿದ ಪ್ರತಿ ಕಿ.ಮೀ.ಗೆ 3.50 ರೂಪಾಯಿ ಅಂದರು. ಮೊದಲ ಬೆಲೆ ನೋಡಿದರೆ ಖುಷಿ ಆಗುತ್ತದೆ. ಆದರೆ ನಿಮ್ಮ 1,900 ಕಿ.ಮೀ.ಗೆ ಬಾಡಿಗೆಯೇ 6,650. ಕರೆಂಟು ಬೇರೆ. ಜಾಸ್ತಿ ಓಡಿಸುವವರಿಗೆ ಉಳಿತಾಯದ ದೊಡ್ಡ ಭಾಗ ಬಾಡಿಗೆಗೇ ಹೋಗುತ್ತದೆ. ತಿಂಗಳಿಗೆ ಕನಿಷ್ಠ ಇಷ್ಟು ಕಿ.ಮೀ. ಕಟ್ಟಲೇಬೇಕು ಅನ್ನುವ ಷರತ್ತು ಇದೆಯಾ ಅಂತ ಒಪ್ಪಂದದಲ್ಲಿ ಓದಿ. ನಿಮ್ಮಂಥವರು ಬ್ಯಾಟರಿ ಸಮೇತ ಕೊಳ್ಳುವುದೇ ಲೇಸು.

ವಾರಂಟಿ: 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಅನ್ನುವುದು ಸಾಮಾನ್ಯ. ನಿಮ್ಮ ಓಡಾಟಕ್ಕೆ ಏಳು ವರ್ಷದಲ್ಲೇ ಕಿ.ಮೀ. ಮುಗಿಯುತ್ತದೆ. ಕೆಲವು ಮಾದರಿಗೆ ಜೀವಿತಾವಧಿ ವಾರಂಟಿ ಅಂತ ಕೊಡುತ್ತಿದ್ದಾರೆ, ನೆಕ್ಸಾನ್ 45 ಅದರಲ್ಲಿ ಒಂದು. ಅದು ಮೊದಲ ಮಾಲೀಕರಿಗೆ. ಮಾರಿದರೆ ಮುಂದಿನವರಿಗೆ ಅಷ್ಟು ಸಿಗುವುದಿಲ್ಲ. ಬ್ಯಾಟರಿ ಸಾಮರ್ಥ್ಯ ಎಷ್ಟು ಶೇಕಡಾಕ್ಕೆ ಇಳಿದರೆ ಬದಲಾಯಿಸಿ ಕೊಡುತ್ತಾರೆ ಅನ್ನುವುದನ್ನು ಲಿಖಿತವಾಗಿ ಪಡೆಯಿರಿ.

ಜಿ.ಎಸ್.ಟಿ. 5 ಶೇಕಡಾ. ರಸ್ತೆ ತೆರಿಗೆಯಲ್ಲಿ ರಾಜ್ಯದ ನಿಯಮ ಬದಲಾಗುತ್ತಾ ಬಂದಿದೆ. 2024ರಲ್ಲಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ 10 ಶೇಕಡಾ ತಂದರು. ಹಾಗಾಗಿ ಎಕ್ಸ್ ಶೋರೂಮ್ ಬೆಲೆ ಹೋಲಿಸಬೇಡಿ. ಆನ್ ರೋಡ್ ಬೆಲೆ ಬರೆಸಿಕೊಂಡು ಹೋಲಿಸಿ.

ಅರಸೀಕೆರೆ ಡೀಸೆಲ್:

ಘಾಟಿಯ ಲೆಕ್ಕ ನೋಡಿ ಸಮಾಧಾನ ಆಯಿತು ಮೇಷ್ಟ್ರೇ. ಆದರೂ ಇನ್ನೊಂದು. ಮಳೆ. ಬಿಸಿಲೆ, ಶಿರಾಡಿ ಕಡೆ ರಸ್ತೆ ಮೇಲೆ ನೀರು ಹರಿಯುತ್ತಿರುತ್ತದೆ. ಬ್ಯಾಟರಿ ಕಾರಿನ ತಳದಲ್ಲೇ ಇದೆ.

ಲೆಕ್ಕದ ಮೇಷ್ಟ್ರು:

ಬ್ಯಾಟರಿ ಪೆಟ್ಟಿಗೆಗೆ ಐ.ಪಿ. 67 ಅಂತ ಬರೆದಿರುತ್ತಾರೆ. ಧೂಳು ಒಳಗೆ ಹೋಗುವುದಿಲ್ಲ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯಬೇಕು ಅಂತ ಅದರ ಅರ್ಥ. ಅದು ಪೆಟ್ಟಿಗೆಗೆ ಮಾತ್ರ, ಇಡೀ ಕಾರಿಗೆ ಅಲ್ಲ. ಒಂದು ಮೀಟರ್ ನೀರಿನಲ್ಲಿ ಓಡಿಸಬಹುದು ಅಂತ ಯಾರೂ ಓದಿಕೊಳ್ಳಬಾರದು. ನೀರಿನಲ್ಲಿ ಓಡಿಸುವ ಆಳ ಬೇರೆ ಅಂಕಿ. ಪಂಚ್‌ಗೆ 350 ಮಿ.ಮೀ. ಅಂತ ಕೊಟ್ಟಿದ್ದಾರೆ. ಮೊಣಕಾಲಿಗಿಂತ ಕೆಳಗೆ. ಹರಿಯುವ ನೀರು ಅಷ್ಟು ಇದ್ದರೆ ಡೀಸೆಲ್ ಕಾರಿನಲ್ಲೂ ಇಳಿಯಬಾರದು.

ತೋಟದಮನೆ ಮೂಡಿಗೆರೆ:

ನೀರಿಗಿಂತ ನನಗೆ ಕಲ್ಲಿನ ಭಯ. ತಳಕ್ಕೆ ಕಲ್ಲು ಬಡಿದು ಬ್ಯಾಟರಿ ಪೆಟ್ಟಿಗೆ ನೆಗ್ಗಿದರೆ ಅದು ವಾರಂಟಿಗೆ ಬರುವುದಿಲ್ಲ, ವಿಮೆಗೆ ಹೋಗುತ್ತದೆ. ವಿಮೆಯಲ್ಲಿ ಬ್ಯಾಟರಿ ರಕ್ಷಣೆಯ ಆಡ್-ಆನ್ ಸೇರಿಸಿ. ನೆಲದಿಂದ ಎತ್ತರ ಪಂಚ್, ನೆಕ್ಸಾನ್ ಎರಡಕ್ಕೂ 190 ಮಿ.ಮೀ., ವಿಂಡ್ಸರ್‌ಗೆ 186. ಅಂತರ ಏನೂ ಇಲ್ಲ ಅನ್ನಿಸುತ್ತದೆ. ಆದರೆ ವಿಂಡ್ಸರ್‌ನ ಮುಂದಿನ ಹಿಂದಿನ ಚಕ್ರಗಳ ನಡುವೆ 2,700 ಮಿ.ಮೀ. ಇದೆ. ನೆಕ್ಸಾನ್‌ಗೆ 2,500ಕ್ಕೆ ಸ್ವಲ್ಪ ಕಡಿಮೆ. ತೋಟದ ರಸ್ತೆಯ ನಡುದಿಬ್ಬ ದಾಟುವಾಗ ಉದ್ದದ ಕಾರಿನ ಹೊಟ್ಟೆ ಮೊದಲು ತಾಗುತ್ತದೆ. ಒಳಗಿನ ಜಾಗ, ಹಿಂದಿನ ಸೀಟು ನೋಡಿದರೆ ವಿಂಡ್ಸರ್ ಮುಂದೆ ಉಳಿದವು ಇಲ್ಲ. ಡಿಕ್ಕಿಯೂ 604 ಲೀಟರ್. ಪೇಟೆಯಲ್ಲೇ ಇರುವ ದೊಡ್ಡ ಸಂಸಾರಕ್ಕೆ ನಾನು ಅದನ್ನೇ ಹೇಳುತ್ತೇನೆ. ನಿಮ್ಮ ತವರಿನ ರಸ್ತೆಗೆ ಹೇಳಲಾರೆ.

ಬೆಂಗಳೂರು ವಾಸಿ, ಊರು ಚನ್ನರಾಯಪಟ್ಟಣ:

ವೇಗದ ಚಾರ್ಜಿಂಗ್ ಬಗ್ಗೆ ಯಾರೂ ಬರೆದಿಲ್ಲ. ಒಬ್ಬರು ಬ್ಯಾಟರಿ 10 ಶೇಕಡಾದಿಂದ 80ಕ್ಕೆ ತುಂಬಲು ಎಷ್ಟು ನಿಮಿಷ ಅಂತ ಕೊಡುತ್ತಾರೆ, ಇನ್ನೊಬ್ಬರು ಸೊನ್ನೆಯಿಂದ 80ಕ್ಕೆ. ಚಾರ್ಜರ್‌ನ ಶಕ್ತಿಯೂ ಬೇರೆ ಬೇರೆ. ಕ್ರೆಟಾಗೆ 50 ಕಿಲೋವ್ಯಾಟ್ ಚಾರ್ಜರ್‌ನಲ್ಲಿ 58 ನಿಮಿಷ ಅಂತ ಇದೆ, ನೆಕ್ಸಾನ್ 45ಕ್ಕೆ 60ರದ್ದರಲ್ಲಿ 40 ನಿಮಿಷ. ದಾರಿಯಲ್ಲಿ ಸಿಗುವ ಚಾರ್ಜರ್ 30ರದ್ದಾದರೆ ಎರಡೂ ಅಂಕಿ ಉಪಯೋಗಕ್ಕೆ ಬರುವುದಿಲ್ಲ. ಆಗ 45 ಯೂನಿಟ್ ಬ್ಯಾಟರಿಯನ್ನು 10ರಿಂದ 80ಕ್ಕೆ ತರಲು ಒಂದು ಗಂಟೆ ಮೇಲೆ ಬೇಕು. ಎರಡು ಗನ್ (ಕಾರಿಗೆ ಚುಚ್ಚುವ ಚಾರ್ಜಿಂಗ್ ಪ್ಲಗ್) ಇರುವ ಕಡೆ ಇನ್ನೊಂದು ಕಾರು ಬಂದರೆ ಶಕ್ತಿ ಹಂಚಿಹೋಗುವುದೂ ಉಂಟು. 80 ದಾಟಿದ ಮೇಲೆ ಕಾಯಬೇಡಿ, ತುಂಬಾ ನಿಧಾನ. ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ.

ಹೊರಗಿನ ಚಾರ್ಜರ್‌ನಲ್ಲಿ ದರ ಮನೆಯ ಮೂರು ಪಟ್ಟು, ಮೇಲೆ 18 ಶೇಕಡಾ ಜಿ.ಎಸ್.ಟಿ. ಮನೆಯಲ್ಲಿ ಚಾರ್ಜ್ ಮಾಡಲು ಜಾಗ ಇಲ್ಲದವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಲಿ. ಹೊರಡುವ ಮುಂಚೆ ಆ್ಯಪ್‌ನಲ್ಲಿ ಚಾರ್ಜರ್ ಇದೆಯಾ ಅಂತ ನೋಡಿದರೆ ಸಾಲದು. ಅವತ್ತು ಬೆಳಿಗ್ಗೆ ಯಾರಾದರೂ ಬಳಸಿದ್ದಾರಾ ಅಂತ ನೋಡಿ.

ಚಿಕ್ಕಮಗಳೂರು ಟ್ಯಾಕ್ಸಿ:

ಬ್ಯಾಟರಿ ಜಾತಿ ಕೇಳಿ ಮೇಡಂ. ಎಲ್.ಎಫ್.ಪಿ. (ಲಿಥಿಯಂ, ಕಬ್ಬಿಣ, ಫಾಸ್ಫೇಟ್) ಮತ್ತು ಎನ್.ಎಂ.ಸಿ. (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್) ಅಂತ ಎರಡು. ಟಾಟಾ, ವಿಂಡ್ಸರ್ ಎಲ್.ಎಫ್.ಪಿ. ಕ್ರೆಟಾ ಎನ್.ಎಂ.ಸಿ. ಎಲ್.ಎಫ್.ಪಿ. ತೂಕ ಜಾಸ್ತಿ, ಆದರೆ ಜಾಸ್ತಿ ಸಲ ಚಾರ್ಜ್ ತಡೆದುಕೊಳ್ಳುತ್ತದೆ, ಬಿಸಿಗೆ ಬೇಗ ಹೆದರುವುದಿಲ್ಲ. ಅದನ್ನು ಆಗಾಗ ನೂರಕ್ಕೆ ತುಂಬಬೇಕು, ಇಲ್ಲದಿದ್ದರೆ ಶೇಕಡಾ ಅಂಕಿ ತಪ್ಪು ತೋರಿಸಲು ಶುರು ಮಾಡುತ್ತದೆ. ಘಾಟಿ ಇಳಿಯದ ದಿನ ನೋಡಿ ತುಂಬಿ. ದಿನಾ ಓಡಿಸುವವರಿಗೆ ನನ್ನ ಓಟು ಎಲ್.ಎಫ್.ಪಿ.ಗೆ.

ಸಾಲಗಾಮೆ ರಸ್ತೆ:

ಮನೆಯಲ್ಲಿ ಎಲ್ಲರೂ ಕೂತು ಇದನ್ನು ಓದಿದೆವು. ಪಂಚ್ 35 ದಿನನಿತ್ಯಕ್ಕೆ ಧಾರಾಳ, ಮಂಗಳೂರಿಂದ ಹತ್ತುವಾಗ ಮಾತ್ರ ಬಿಗಿ. ವಿಂಡ್ಸರ್ ಅತ್ತೆಗೆ ಬಹಳ ಹಿಡಿಸಿದೆ, ಆದರೆ ತವರಿನ ರಸ್ತೆ ಅಡ್ಡ ಬರುತ್ತಿದೆ. ಕ್ರೆಟಾ ನಮ್ಮ ಬಜೆಟ್ ದಾಟುತ್ತದೆ. ನೆಕ್ಸಾನ್ 45ರಲ್ಲಿ ವಿ-ಟು-ಎಲ್ ಇರುವ ವೇರಿಯಂಟ್ ಕಡೆಗೆ ಮನಸ್ಸು ವಾಲಿದೆ. ಭಾರತ್ ಎನ್‌ಕ್ಯಾಪ್ ಅನ್ನುವ ಅಪಘಾತ ಸುರಕ್ಷತೆ ಪರೀಕ್ಷೆಯಲ್ಲಿ ಐದು ಸ್ಟಾರ್ ಬಂದಿದೆ ಅನ್ನುವುದೂ ಒಂದು ಸಮಾಧಾನ. ಈ ಭಾನುವಾರ ನಾಲ್ಕು ಜನ ಕೂತು ಸಕಲೇಶಪುರದ ಆಚೆವರೆಗೆ ಟೆಸ್ಟ್ ಡ್ರೈವ್ ಕೊಡಿ ಅಂತ ಕೇಳಿದ್ದೇನೆ.

ಶೋರೂಮಿನಲ್ಲಿ ಇನ್ನೇನು ಕೇಳಲಿ?

ಚಿಕ್ಕಮಗಳೂರು ಟ್ಯಾಕ್ಸಿ:

ಹಾಸನದ ಸರ್ವಿಸ್ ಸೆಂಟರ್‌ನಲ್ಲಿ ಹೈ ವೋಲ್ಟೇಜ್ ಕೆಲಸಕ್ಕೆ ತರಬೇತಿ ಆದ ಮೆಕಾನಿಕ್ ಇದ್ದಾರಾ, ಬ್ಯಾಟರಿ ಬಿಚ್ಚುವ ಲಿಫ್ಟ್ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ದೊಡ್ಡ ಕೆಲಸಕ್ಕೆ ಕಾರು ಬೆಂಗಳೂರಿಗೋ ಮಂಗಳೂರಿಗೋ ಹೋಗುತ್ತದೆ. ಅಷ್ಟು ದಿನ ಓಡಾಟಕ್ಕೆ ಬದಲಿ ಕಾರು ಕೊಡುತ್ತೀರಾ ಅಂತಲೂ ಕೇಳಿ. ನಿಂತರೆ ಎತ್ತಿಕೊಂಡು ಹೋಗಲು ಚಪ್ಪಟೆ ಲಾರಿಯೇ ಬರಬೇಕು, ಮುಂದಿನ ಚಕ್ರ ನೆಲಕ್ಕೆ ತಾಗಿಸಿ ಎಳೆಯಬಾರದು. ಶಿರಾಡಿಯಲ್ಲಿ ನಿಂತರೆ ಆ ಲಾರಿ ಎಲ್ಲಿಂದ ಬರುತ್ತದೆ ಅಂತ ಕೇಳಿ. ಉತ್ತರ ಹೇಗೆ ಕೊಡುತ್ತಾರೆ ಅನ್ನುವುದರಲ್ಲೇ ಶೋರೂಮ್ ಹೇಗಿದೆ ಅಂತ ಗೊತ್ತಾಗುತ್ತದೆ.

ಅರಸೀಕೆರೆ ಡೀಸೆಲ್:

ಎರಡನೇ ಕೈ ಇ.ವಿ. ತೆಗೆದುಕೊಳ್ಳಬಹುದಾ? ನನ್ನ ಓಡಾಟ ಕಡಿಮೆ, ಹೊಸದಕ್ಕೆ ಅಷ್ಟು ಹಣ ಹಾಕುವ ಮನಸ್ಸಿಲ್ಲ. ತಿಪಟೂರು, ಹಾಸನ ಬಿಟ್ಟರೆ ದೂರ ಹೋಗುವುದು ಅಪರೂಪ.

ಸಕಲೇಶಪುರ ಬ್ಯಾಂಕ್:

ನಿಮ್ಮ ಓಡಾಟಕ್ಕೆ ಅದೇ ಸರಿ ಅಣ್ಣ. ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ಆರೋಗ್ಯದ ವರದಿ ತೆಗೆಸಿ, ಎಸ್.ಓ.ಎಚ್. ಅಂತ ಶೇಕಡಾದಲ್ಲಿ ಬರುತ್ತದೆ. ವಾರಂಟಿ ನಿಮ್ಮ ಹೆಸರಿಗೆ ಎಷ್ಟು ಉಳಿಯುತ್ತದೆ ಅಂತ ಪತ್ರ ತೆಗೆದುಕೊಳ್ಳಿ. ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ ತಳದಲ್ಲಿ ನೆಗ್ಗಿದ ಗುರುತು ಇದೆಯಾ ನೋಡಿ. ಬ್ಯಾಟರಿ ಬಾಡಿಗೆಯ ಕಾರಾದರೆ ಹಳೇ ಬಾಕಿ ಇಲ್ಲ ಅನ್ನುವ ಪತ್ರವೂ ಬೇಕು.

ವೈರಿಂಗ್ ಬೇಲೂರು:

ಅಣ್ಣ, ಕಾರು ನೋಡಲು ಹೋಗುವ ಮುಂಚೆ ನಿಮ್ಮ ಮನೆಯ ಅರ್ಥಿಂಗ್ ಅಳೆಸಿ. ಅರಸೀಕೆರೆ ಕಡೆ ನೆಲ ಇನ್ನೂ ಒಣ. ಬೇಕಿದ್ದರೆ ಹೇಳಿ, ಮುಂದಿನ ವಾರ ಜಾವಗಲ್ ಕಡೆ ಕೆಲಸ ಇದೆ, ಬರುವಾಗ ಮೀಟರ್ ತಂದು ನೋಡಿಕೊಡುತ್ತೇನೆ.